ಕೇಣಿ ದಾರಿಯ ‘ಪಿಪಿ’ ಸೋಮಿ

ಗಜನಿ ಗದ್ದೆಗಳ ನೀರಿನ ಮೇಲಿಂದ ಮಬ್ಬು ಇನ್ನೂ ಎದ್ದಿಲ್ಲ. ಏರಿಯ ಮೇಲೆ ಒಬ್ಬ ಹೆಂಗಸು ಸೀರೆಯನ್ನು ಮೊಳಕಾಲಿಗೆ ಎತ್ತಿ ಸಿಕ್ಕಿಸಿಕೊಂಡು ಬರಿಗಾಲಲ್ಲಿ ಬರುತ್ತಿದ್ದಾಳೆ. ಅದು ಓಟವೂ ಅಲ್ಲ, ನಡಿಗೆಯೂ ಅಲ್ಲ. ತುಂಬಿದ ಕೊಡ ಹೊತ್ತವರು ಮಳೆ ಬಂತೆಂದು ಅವಸರಿಸುವ ಹಾಗಿನ ಹೆಜ್ಜೆ. ಕೊರಳ ತುಂಬ ಮಣಿಸರ, ಮಣಿಸರದ ಮೇಲೆ ಸುತ್ತಿದ ಕಂದು ಬಣ್ಣದ ಉಣ್ಣೆಯ ಮಫ್ಲರು. ಅಂಕೋಲೆಯ ಸೆಕೆಯಲ್ಲಿ ಮಫ್ಲರು ಸುತ್ತಿಕೊಂಡು ತಿರುಗುವವರು ಈ ಸುತ್ತಿನಲ್ಲಿ ಇವಳೊಬ್ಬಳೇ. ಮುಡಿಯಲ್ಲಿ ಅಬ್ಬಲಿಗೆ ಹೂವಿನ ದಂಡೆ.

ಏರಿ ಮುಗಿಯುವಲ್ಲಿ ಮಾದೇವನ ಮನೆ. ಅಂಗಳಕ್ಕೆ ಸೆಗಣಿನೀರು ಹಾಕುತ್ತಿದ್ದ ಅವನ ತಾಯಿ ತಲೆಯೆತ್ತಿ ಮೊದಲು ನೋಡುವುದು ಬಂದವಳ ಮುಖವನ್ನಲ್ಲ, ಮುಡಿಯನ್ನು.

“ಹೂಗು ಉಂಟು,” ಎಂದು ತನ್ನಷ್ಟಕ್ಕೇ ಹೇಳಿಕೊಂಡು ಉಸಿರು ಬಿಡುತ್ತಾಳೆ. ಆಮೇಲೆ ಒಳಗೆ ತಿರುಗಿ, “ಏಳಾ ಮಾದೇವಾ, ಪಿಪಿ ಬಂದದೆ!”

ಮಾದೇವ ಅದಿರಿನ ಲಾರಿಯೊಂದರ ಕ್ಲೀನರ್. ಬೇಲೇಕೇರಿ ಬಂದರಿಗೆ ಯಾವ ಹೊತ್ತಿಗೆ ಹೊರಡಬೇಕೆಂದು ಅವನಿಗೆ ಕರೆ ಬರುವುದು ಬೆಳಗಿನ ಜಾವದಲ್ಲೇ.

“ಡ್ರಾಯವರ ಪೋನ್ ಮಾಡ್ದ. ಮತ್ತೆ ಮಾಡ್ತನಂತೆ. ಬೇಗ ಬಾ,” ಹೆಂಗಸು ಪಿಸುಗುಡುತ್ತಾಳೆ. ದನಿ ಒಣಗಿದ ತೆಂಗಿನ ಗರಿ ಎಳೆದ ಹಾಗಿದೆ.

“ಅತ್ತೇ, ನೀ ಹೀಂಗೆ ಪಿಸಿಪಿಸಿ ಅಂದ್ರೆ ನಮ್ಮನೆ ನಾಯೂ ಏಳುದಿಲ್ಲ, ಮನ್ಸ ಹ್ಯಾಂಗೆ ಏಳುದು?” ಮಾದೇವ ಕಣ್ಣುಜ್ಜುತ್ತ ಹೊರಗೆ ಬರುತ್ತಾನೆ.

“ನಿಮ್ಮನೆ ನಾಯಿ ನಾ ಕೂಗ್ತಿದ್ದಾಗೂ ಎದ್ದದ್ದಿಲ್ಲ. ನಡೆ ನಡೆ.”

ರೇಶನ್ ಕಾರ್ಡಿನಲ್ಲಿ ಇವಳ ಹೆಸರು ಸೋಮಿ ಬೊಮ್ಮಯ್ಯ ಗೌಡ. ಬೊಬ್ರುವಾಡದಿಂದ ಕೇಣಿಯ ಕಡಲಂಚಿನವರೆಗೆ ಆ ಹೆಸರು ಹೇಳಿದರೆ ಜನ ಒಂದು ಗಳಿಗೆ ಯೋಚಿಸುತ್ತಾರೆ. ‘ಪಿಪಿ ಸೋಮಿ’ ಅಂದರೆ ಮಕ್ಕಳೂ ಕೈಹಿಡಿದು ಮನೆ ತೋರಿಸುತ್ತವೆ. ಅವಳ ಕೆಲಸ ಹೇಳಲು ಸಣ್ಣದು. ದಾರಿ ಬದಿಯ ಪರಮೇಶ್ವರ ಭಟ್ಟರ ಕಿರಾಣಿ ಅಂಗಡಿಗೆ ಫೋನು ಬಂದರೆ, ಅದು ಯಾರಿಗೆ ಬಂದಿದೆಯೋ ಅವರನ್ನು ಕರೆದು ತರಬೇಕು. ಫೋನು ಮಾಡಿದವರು ಹೆಸರು ಹೇಳಿ ಇಡುತ್ತಾರೆ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮಾಡುತ್ತಾರೆ. ಆ ನಡುವಿನ ಹೊತ್ತು ಸೋಮಿಯದು.

ಎಷ್ಟು ಹೊತ್ತು ಎನ್ನುವುದನ್ನು ಗಡಿಯಾರ ಹೇಳುವುದಿಲ್ಲ, ಸಮುದ್ರ ಹೇಳುತ್ತದೆ. ಭತ್ತದ ಕೊಯ್ಲು ಮುಗಿದ ಮೇಲೆ ಗಜನಿ ಗದ್ದೆಗಳಿಗೆ ಉಪ್ಪುನೀರು ಬಿಡುವುದು ಇಲ್ಲಿನ ಪದ್ಧತಿ. ಇಳಿತವಿದ್ದರೆ ಏರಿಯ ಮೇಲೆ ನೆಟ್ಟಗೆ ಹೋಗಬಹುದು. ಉಬ್ಬರವಿದ್ದರೆ, ಇಲ್ಲಿನವರ ಮಾತಿನಲ್ಲಿ ಭರ್ತಿಯಿದ್ದರೆ, ಏರಿಯ ತಗ್ಗಿನಲ್ಲಿ ನೀರು ನಿಲ್ಲುತ್ತದೆ, ಊರೆಲ್ಲ ಸುತ್ತಬೇಕು. ಹಾಗಾಗಿ ಗೋವೆಯಿಂದಲೋ ಮುಂಬಯಿಯಿಂದಲೋ ಫೋನು ಮಾಡಿದ ಕೇರಿಯ ಹುಡುಗರಿಗೆ ಭಟ್ಟರು, “ಈಗ ಭರ್ತಿ ಉಂಟು ಮಾರಾಯ, ಊಟ ಮಾಡಿ ಬಂದು ಮಾಡು,” ಅನ್ನುತ್ತಾರೆ. ಅವರಿಗೆ ಅರ್ಥವಾಗುತ್ತದೆ.

ಭಟ್ಟರು ಘಟ್ಟದ ಬುಡದ ತೋಟದ ಮನೆಯವರು, ಅಣ್ಣತಮ್ಮಂದಿರಿಗೆ ತೋಟ ಬಿಟ್ಟುಕೊಟ್ಟು ಇಲ್ಲಿ ಅಂಗಡಿ ಹಾಕಿದವರು. ತೊಂಬತ್ತಾರರಲ್ಲಿ ಅವರಿಗೆ ಫೋನು ಬಂತು. ಆಗ ಸೋಮಿ ಅಂಗಡಿಯ ಕಟ್ಟೆಯ ಮೇಲೆ ಬಸಳೆ, ಹರಿವೆ ಇಟ್ಟುಕೊಂಡು ಮಾರುತ್ತಿದ್ದಳು. ಗಂಡ ಬೊಮ್ಮಯ್ಯ ತೆಂಗಿನ ಮರದಿಂದ ಬಿದ್ದು ಸೊಂಟದ ಶಕ್ತಿ ಕಳೆದುಕೊಂಡ ಮೇಲೆ ಮನೆ ನಡೆಯುತ್ತಿದ್ದದ್ದು ಆ ಸೊಪ್ಪಿನ ಮೇಲೆ ಮತ್ತು ಅವನು ಕೂತಲ್ಲೇ ಕಟ್ಟುವ ತೆಂಗಿನ ಕಡ್ಡಿಯ ಹಿಡಿಸೂಡಿಯ ಮೇಲೆ. ಒಂದು ಮಧ್ಯಾಹ್ನ ಗೋವೆಯಿಂದ ಕರೆ ಬಂತು: ನೀರಿನಾಚೆಯ ದಿಬ್ಬದ ಹುಲಿಯಾನನ್ನು ಕರೆಯಬೇಕು. ಭಟ್ಟರು ರಿಸೀವರು ಕೆಳಗಿಟ್ಟು ಕಂಗಾಲಾಗಿ ನಿಂತರು. ಸೋಮಿ ಎದ್ದು ಗದ್ದೆಯಂಚಿಗೆ ಹೋಗಿ, ಸಂಜೆ ದನಕ್ಕೆ ಹಾಕುವ ಕೂಗು ಹಾಕಿದಳು. ಆಚೆಯಿಂದ ಹುಲಿಯಾ ಬಂದ. ಅವನ ಹಿಂದೆ ಎರಡು ದನಗಳೂ ಬಂದವು.

ಆ ದಿನದಿಂದ ಕೆಲಸ ಅವಳಿಗೇ ಅಂಟಿತು. ದನ ಬರುವುದು ನಿಲ್ಲಬೇಕೆಂದು ಒಂದೊಂದು ಮನೆಗೆ ಒಂದೊಂದು ಕೂಗು ಮಾಡಿಕೊಂಡಳು. ಮಾದೇವನ ಮನೆಗೆ ಕಡಿದು ಕಡಿದು ಮೂರು ಸಲ, ಹುಲಿಯಾನ ಮನೆಗೆ ಕೆಳಗಿಂದ ಏರುವ ಒಂದೇ ಎಳೆ. ಬಾವಿಕಟ್ಟೆಯಲ್ಲಿ ಬಟ್ಟೆ ಒಗೆಯುವವರು ಕೈ ನಿಲ್ಲಿಸಿ, “ಇದು ನಮ್ದಲ್ಲ,” ಎಂದು ಮತ್ತೆ ಬಡಿಯುವುದಕ್ಕೆ ಶುರುಮಾಡುತ್ತಿದ್ದರು. ಆ ಕಾಲದಲ್ಲಿ ದಿನಕ್ಕೆ ಇಪ್ಪತ್ತಕ್ಕೆ ಕಡಿಮೆ ಇಲ್ಲದ ಕರೆ. ಈಗ ಎಲ್ಲರ ಕಿಸೆಗೂ ಮೊಬೈಲು ಬರತೊಡಗಿ ನಾಲ್ಕೈದಕ್ಕೆ ಇಳಿದಿದೆ. ತಗ್ಗಿನ ಮನೆಗಳಿಗೆ ಸಿಗ್ನಲ್ ಸಿಗುವುದಿಲ್ಲ. ಅವರಿಗೆ ಇನ್ನೂ ಸೋಮಿಯೇ ಗತಿ. ಸಂಬಳವೆಂದು ಏನೂ ಇಲ್ಲ. ಹೊಸ ಅಕ್ಕಿಯಾದಾಗ ಮನೆಗೊಂದು ಸಿದ್ದೆ ಅಳೆದು ತಂದು ಸುರಿಯುತ್ತಾರೆ. ಮದುವೆಯಾದರೆ ಒಂದು ಸೀರೆ, ಬಲೆಗೆ ಮೀನು ಬಿದ್ದರೆ ಒಂದು ಮುಷ್ಟಿ ಸೀಗಡಿ.

ಈ ಕೆಲಸಕ್ಕೆ ಸೋಮಿ ತಾನೇ ಹಾಕಿಕೊಂಡ ಕಟ್ಟು ಒಂದಿದೆ. ಫೋನು ಮಾಡಿದವರಲ್ಲಿ ವಿಷಯ ಏನೆಂದು ಕೇಳುವುದಿಲ್ಲ. ಅವರಾಗಿ ಹೇಳಲು ಬಂದರೂ ತಡೆಯುತ್ತಾಳೆ.

“ಸುದ್ದಿ ಅವ್ರ ಮನೇದು. ಮೊದ್ಲು ಅವ್ರ ಕಿವಿಗೇ ಬೀಳ್ಬೇಕು. ದಾರಿ ಮೇಲೆ ನಾ ಒಡ್ದು ಹಂಚುದಲ್ಲ ಅದು,” ಅನ್ನುತ್ತಾಳೆ.

ಕೇಳದಿದ್ದರೂ ಕೆಲವು ಸುದ್ದಿಗಳು ದನಿಯಲ್ಲೇ ತಿಳಿಯುತ್ತವೆ. ಅಂಥ ಕರೆ ಬಂದಾಗ ಸೋಮಿಗೆ ಕೂಗಲು ಬಾಯಿ ಬರುತ್ತಿರಲಿಲ್ಲ. ಸುಮ್ಮನೆ ನಡೆದುಕೊಂಡು ಹೋಗಿ, ಅಂಗಳದಲ್ಲಿ ನಿಂತು, “ಪೋನು ಬಂದದೆ, ಬನ್ನಿ,” ಎನ್ನುತ್ತಿದ್ದಳು. ಹೀಗೇ ಮಾಡಬೇಕೆಂದು ಅವಳು ಯಾರಿಗೂ ಹೇಳಿದ್ದಲ್ಲ. ಆದರೆ ವರುಷಗಳು ಹೋದಂತೆ ಕೇರಿಗೆ ಅದು ಮನದಟ್ಟಾಯಿತು. ಕೂಗು ಬಂದರೆ ಭಯವಿಲ್ಲ. ಸೋಮಿ ಮಾತಿಲ್ಲದೆ ಏರಿಯ ಮೇಲೆ ನಡೆದು ಬರುತ್ತಿದ್ದಾಳೆಂದರೆ ಯಾರೋ ಹೋಗಿದ್ದಾರೆ. ಅವಳು ಅಂಗಳ ಮುಟ್ಟುವ ಮೊದಲೇ ಒಲೆಗೆ ನೀರು ಹೊಯ್ದು ಹೊರಗೆ ಬಂದು ನಿಂತ ಮನೆಗಳಿವೆ.

ಇನ್ನು ಈ ‘ಪಿಪಿ’ಯ ಕತೆ. ಸ್ವಂತ ಫೋನಿಲ್ಲದವರು ಪಕ್ಕದವರ ನಂಬರು ಕೊಟ್ಟು, ಮುಂದೆ ಕಂಸದೊಳಗೆ ಪಿ.ಪಿ. ಎಂದು ಬರೆಯುವುದು ಎಲ್ಲ ಕಡೆಯ ರೂಢಿ. ಈ ಕೇರಿಯ ಮದುವೆ ಕಾಗದ, ಬ್ಯಾಂಕಿನ ಅರ್ಜಿ, ಶಾಲೆಯ ದಾಖಲೆ ಎಲ್ಲದರಲ್ಲೂ ಒಂದೇ ನಂಬರು, ಮುಂದೆ ಅದೇ ಎರಡಕ್ಷರ. ಅರ್ಥವೇನೆಂದು ಕೇಳಿದರೆ ಟೆಲಿಫೋನ್ ಇಲಾಖೆಯಲ್ಲಿದ್ದವರೊಬ್ಬರು ‘ಪರ್ಟಿಕ್ಯುಲರ್ ಪರ್ಸನ್’ ಎಂದರು. ಹೈಸ್ಕೂಲಿನ ಮಾಸ್ತರರೊಬ್ಬರು ‘ಪ್ರೈವೇಟ್ ಪಾರ್ಟಿ’ ಇರಬೇಕೆಂದರು. ಕೇರಿಯವರಿಗೆ ಮಾತ್ರ ಯಾವತ್ತೂ ಅನುಮಾನವಿರಲಿಲ್ಲ. ಪಿಪಿ ಅಂದರೆ ‘ಪರಮೇಶ್ವರ ಭಟ್ಟರ ಪೋನು’; ಅದಕ್ಕಾಗಿ ಓಡುವವಳು ‘ಪಿಪಿ ಸೋಮಿ’.

ಹುಲಿಯಾ ಒಮ್ಮೆ ಹೊನ್ನಾವರದ ಕಡೆಯ ಮದುವೆ ಕಾಗದದಲ್ಲೂ ಅದೇ ಅಕ್ಷರ ಕಂಡು ಅಂಗಡಿಗೆ ಓಡಿ ಬಂದನಂತೆ.

“ಭಟ್ರೇ, ನಿಮ್ಮ ಪೋನು ಹೊನ್ನಾವರದವ್ರೂ ಬಳಸ್ತ್ರಾ? ಹಂಗಾರೆ ಸೋಮಕ್ಕ ಅಲ್ಲಿವರೆಗೂ ಓಡ್ಬೇಕಾ?”

ಭಟ್ಟರು ತಿದ್ದಲಿಲ್ಲ. “ನನ್ನ ಹೆಸರು ಇಷ್ಟು ಕಡೆ ಅಚ್ಚಾಗ್ತದೆ ಅಂದ್ಮೇಲೆ, ಅಲ್ಲ ಅನ್ಲಿಕ್ಕೆ ಮನಸ್ಸು ಬರ್ತದಾ ಹೇಳಿ?” ಎಂದು ಈಗಲೂ ನಗುತ್ತಾರೆ.

ಊರು ಬಿಟ್ಟು ಹೊರಗೆ ಹೋದಾಗಲೇ ಆ ಎರಡಕ್ಷರಕ್ಕೆ ಬೇರೆ ಮನೆಗಳೂ ಇವೆಯೆಂದು ಸೋಮಿಗೆ ತಿಳಿದದ್ದು. ಮಾದೇವನ ಸೈಕಲ್ಲು ಕಳುವಾದಾಗ ಸಾಕ್ಷಿ ಹೇಳಲು ಅಂಕೋಲೆಯ ಕೋರ್ಟಿಗೆ ಹೋಗಿದ್ದಳು. ಪೊಲೀಸಿನವ, “ಪಿಪಿ ಬರ್ಲಿ, ಅಲ್ಲಿವರೆಗೆ ಇಲ್ಲೇ ಕೂತಿರು,” ಅಂದ. “ನಾನೇ ಪಿಪಿ, ಬಂದಾಯ್ತಲ್ಲ,” ಅಂದಳು ಸೋಮಿ. ಆಮೇಲೆ ಕರಿಕೋಟಿನವರೊಬ್ಬರು ಬಂದರು. ಸರಕಾರದ ಪರವಾಗಿ ವಾದಿಸುವ ವಕೀಲರಿಗೂ ಅದೇ ಹೆಸರೆಂದು ಗೊತ್ತಾದದ್ದು ಆಗ.

“ಅವ್ರೂ ಬೇರೆಯವ್ರಿಗಾಗಿ ಬಾಯಿ ಬಿಡುದೇ ಅಂತೆ. ಆದ್ರೆ ಅವ್ರಿಗೆ ಕುರ್ಚಿ ಉಂಟು, ಪಂಕ ಉಂಟು,” ಎನ್ನುತ್ತಾಳೆ. ಅಲ್ಲಿ ಅವಳ ಮನಸ್ಸಿಗೆ ಹತ್ತಿದ್ದು ವಕೀಲರಲ್ಲ, ಬಾಗಿಲಲ್ಲಿ ನಿಂತು ಪಾರ್ಟಿಗಳ ಹೆಸರು ಮೂರು ಸಲ ಕೂಗುವ ಜವಾನ. “ಪಾಪ, ಅವ ಗಾಳಿಗೆ ಮುಖ ಕೊಟ್ಟು ಕೂಗ್ತಿದ್ದ. ಬೆನ್ನು ಕೊಡು ತಮಾ ಅಂತ ಹೇಳ್ಬೇಕು ಅಂದ್ಕಂಡೆ. ಕೋರ್ಟಲ್ವಾ, ಸುಮ್ನಾದೆ.”

ಕೇಣಿಯ ಮೀನುಗಾರರಿಗೆ ಪಿಪಿ ಅಂದರೆ ಹಗ್ಗ. ಬಲೆಯ ಅಂಚಿಗೂ ದೋಣಿಯ ಲಂಗರಿಗೂ ಕಟ್ಟುವ ಹಸುರು, ನೀಲಿ ಪ್ಲಾಸ್ಟಿಕ್ ಹಗ್ಗವನ್ನು ಅಂಗಡಿಯಲ್ಲಿ ಆ ಹೆಸರಿನಿಂದಲೇ ಕೇಳುತ್ತಾರೆ. ಮೀನು ಮಾರುವ ದಮಯಂತಿ ಬುಟ್ಟಿ ಇಳಿಸಿ ಕೂತಾಗಲೆಲ್ಲ ಸೋಮಿಯನ್ನು ಕೆಣಕದೆ ಬಿಡುವುದಿಲ್ಲ.

“ನಮ್ಮ ಪಿಪಿ ನೋಡು, ವರ್ಷಗಟ್ಲೆ ಉಪ್ಪುನೀರಲ್ಲಿ ಬಿದ್ಕಂಡ್ರೂ ಏನೂ ಆಗುದಿಲ್ಲ. ನಿಮ್ಮ ಕೇರಿ ಪಿಪಿಗೆ ಒಂದೇ ಚಳಿಗಾಲಕ್ಕೆ ಗಂಟ್ಲು ಹರಿದು ಹೋಯ್ತು!”

“ನಿನ್ ಹಗ್ಗ ಯಾರನ್ನಾದ್ರೂ ಕರ್ಕಂಡು ಬರ್ತದಾ? ಕಟ್ಟಿ ಎಳೀಬೇಕಷ್ಟೇ,” ಸೋಮಿ ಪಿಸುಗುಟ್ಟುತ್ತಲೇ ತಿರುಗಿಸಿ ಕೊಡುತ್ತಾಳೆ. ಭಟ್ಟರು ಗಲ್ಲೆಯ ಹಿಂದಿನಿಂದ ತಮ್ಮದೊಂದು ಸೇರಿಸುತ್ತಾರೆ: ಕಂಪನಿಗಳ ಕಾಗದದಲ್ಲಿ ಯಜಮಾನನ ಬದಲು ಇನ್ನೊಬ್ಬ ಸಹಿ ಹಾಕಿದರೆ ಸಹಿಯ ಹಿಂದೆ ಸಣ್ಣಕ್ಷರದಲ್ಲಿ ಪಿ.ಪಿ. ಎಂದು ಬರೆಯುತ್ತಾರಂತೆ. ಇದನ್ನು ಕೇಳಿ ಸೋಮಿ ತಲೆಯಾಡಿಸುತ್ತಾಳೆ. “ಅದು ಬೇಕಾರೆ ನನ್ ಜಾತೀದು.”

ದಮಯಂತಿ ಹೇಳಿದ ಗಂಟಲ ಸಂಗತಿ ನಿಜ. ಕಳೆದ ಚಳಿಗಾಲದಲ್ಲಿ ಸೋಮಿಯ ದನಿ ಒಡೆಯಿತು. ಹೆದ್ದಾರಿಯ ಲಾರಿಗಳ ಸದ್ದನ್ನು ಮೀರಿಸಿ ಕೂಗಬೇಕಾಗಿ ಬಂದದ್ದು ಒಂದು, ವರುಷಗಟ್ಟಲೆ ಗಂಟಲನ್ನು ದುಡಿಸಿದ್ದು ಇನ್ನೊಂದು. ಮೆಣಸಿನ ಕಷಾಯ, ಜೇನು, ಅರಿಶಿನದ ಹಾಲು ಎಲ್ಲ ಮುಗಿದ ಮೇಲೆ ಭಟ್ಟರೇ ಬಸ್ಸು ಹತ್ತಿಸಿ ಕಾರವಾರದ ದೊಡ್ಡಾಸ್ಪತ್ರೆಗೆ ಕಳಿಸಿದರು.

ಅಲ್ಲಿಯೂ ಆ ಎರಡಕ್ಷರ ಕಾದಿದ್ದವು. ಗಂಟಲೊಳಗೆ ನೋಡುವ ಮೊದಲು ಸಕ್ಕರೆ ಪರೀಕ್ಷೆಯಾಗಬೇಕು, ಹೊಟ್ಟೆ ಖಾಲಿ ಇದ್ದಾಗ ಒಂದು ಸಲ, ಉಂಡ ಮೇಲೆ ಒಂದು ಸಲ. ಉಂಡ ಮೇಲಿನದಕ್ಕೆ ಲ್ಯಾಬಿನ ಭಾಷೆಯಲ್ಲಿ ಪಿಪಿ. ರಕ್ತ ತೆಗೆಯುವ ವೈಶಾಲಿ ಕಾರಿಡಾರಿನಲ್ಲಿ ನಿಂತು, “ಪಿಪಿ ಕೋಣ? ಪಿಪಿ ಯಾರ್ರೀ?” ಎಂದು ಕೊಂಕಣಿ ಕನ್ನಡ ಎರಡರಲ್ಲೂ ಕೂಗಿದಾಗ ಸೋಮಿ ಎದ್ದು ನಿಂತಳು. ಕಾರವಾರದವರಿಗೂ ತನ್ನ ಹೆಸರು ಗೊತ್ತಲ್ಲ ಎಂದು ಒಂದು ಗಳಿಗೆ ಹೆಮ್ಮೆಯಾಯಿತಂತೆ.

“ಜೆವಣ್ ಜಾಲೆಂ? ಊಟ ಆಯ್ತಾ?”

“ಇಲ್ಲ.”

“ಊಟ ಮಾಡ್ದೆ ಪಿಪಿ ಹ್ಯಾಂಗಾಗ್ತದೆ ಅಮ್ಮಾ?”

“ನಮ್ಮೂರಲ್ಲಿ ಎಷ್ಟೋ ದಿನ ಊಟ ಮಾಡ್ದೇನೇ ಆಗಿದ್ದೆ ನಾನು,” ಅಂದಳು ಸೋಮಿ.

ವೈಶಾಲಿಗೆ ನಗು ತಡೆಯಲಾಗಲಿಲ್ಲ. ಉಂಡು ಬಂದ ಸೋಮಿ ಮತ್ತೆ ದಾರಿ ತಪ್ಪಿದಳು. ‘ಪಿಪಿ ಎಲ್ಲಿ’ ಎಂದು ಕೇಳಿದ್ದಕ್ಕೆ ಯಾರೋ ಮಹಡಿಯ ಮೇಲಿನ ಪಿಪಿ ವಾರ್ಡು ತೋರಿಸಿದರು. ಅದು ಹೆರಿಗೆಯಾದವರನ್ನು ಮಲಗಿಸುವ ವಾರ್ಡು. ಸಾಲಾಗಿ ಮಂಚ, ಮಂಚಕ್ಕೊಂದು ತೊಟ್ಟಿಲು, ಹತ್ತಿಯ ಉಂಡೆಯಂಥ ಮಕ್ಕಳು. ಸೋಮಿ ಬಂದ ಕೆಲಸ ಮರೆತು ಅಲ್ಲೇ ಕೂತಳು. ಯಾರೋ ಬಾಣಂತಿ ನೀರು ಕುಡಿದು ಬರುತ್ತೇನೆಂದಾಗ ಅವಳ ತೊಟ್ಟಿಲನ್ನು ತೂಗಿದಳು. ಕೊನೆಗೆ ವೈಶಾಲಿಯೇ ಹುಡುಕಿಕೊಂಡು ಬಂದು ಕೈಹಿಡಿದು ಕರೆದೊಯ್ಯಬೇಕಾಯಿತು.

ಗಂಟಲ ಡಾಕ್ಟರು ಹೇಳಿದ್ದು ಇಷ್ಟು. ದನಿಯ ತಂತಿಯ ಮೇಲೆ ಗಂಟು ಕಟ್ಟಿದೆ. ಔಷಧಿ ತೆಗೆದುಕೊಂಡು ಮಳೆಗಾಲ ಕಳೆಯುವವರೆಗೆ ಗಂಟಲಿಗೆ ವಿಶ್ರಾಂತಿ ಕೊಟ್ಟರೆ ಇಳಿದೀತು. ನಡುವೆ ಕೂಗಿದರೆ ಇರುವ ದನಿಯೂ ಹೋಗಿ ಮತ್ತೆ ಬರಲಿಕ್ಕಿಲ್ಲ. ಪಿಸುಮಾತೂ ಬೇಡ ಎಂದಿದ್ದರು. ಅದೊಂದನ್ನು ಮಾತ್ರ ಸೋಮಿ ಪಾಲಿಸಿಲ್ಲ.

ಕೂಗದೆ ಕರೆಯುವುದು ಹೇಗೆ? ಪರಿಚಯದ ಬಸ್ ಕಂಡಕ್ಟರೊಬ್ಬ ಹಳೆಯ ಸೀಟಿ ಕೊಟ್ಟ. ಸೀಟಿಗೆ ಎಲ್ಲ ಮನೆಯೂ ಒಂದೇ. ಊದಿದರೆ ನಾಲ್ಕು ಕಡೆಯಿಂದ ಜನ ಓಡಿ ಬಂದು ಅಂಗಡಿಯ ಮುಂದೆ ಜಗಳಕ್ಕೆ ನಿಂತರು. ಭಟ್ಟರು ತಾವೇ ಗದ್ದೆಯಂಚಿಗೆ ಹೋಗಿ ಪಂಚೆ ಎತ್ತಿ ಕಟ್ಟಿ ಕೂಗಿ ನೋಡಿದರು. ಆಚೆ ದಿಬ್ಬದವರು, ಭಟ್ಟರ ತೆಂಗಿನ ಸಸಿಗೆ ದನ ನುಗ್ಗಿರಬೇಕೆಂದು ತಮ್ಮ ದನಗಳನ್ನು ಎಣಿಸತೊಡಗಿದರಂತೆ. ಕೊನೆಗೆ ಉಳಿದದ್ದು ನಡೆದು ಹೋಗುವುದು. ಆದರೆ ಸೋಮಿ ಮಾತಿಲ್ಲದೆ ನಡೆದು ಬಂದರೆ ಏನರ್ಥವೆಂದು ಕೇರಿಗೆ ಗೊತ್ತಿತ್ತಲ್ಲ. ಮೊದಲ ವಾರವೇ ಒಂದು ಮನೆಯಲ್ಲಿ ಮಗನ ಸಂಬಳದ ಸುದ್ದಿಗೆ ಎಲ್ಲರೂ ಎದೆ ಬಡಿದುಕೊಂಡು ಅತ್ತಾಯಿತು. ಆಗ ಸೋಮಿ ಮನೆಮನೆಗೆ ಹೋಗಿ ಹೇಳಿದಳು:

“ನನ್ ಮುಡಿ ನೋಡಿ. ಹೂಗು ಇದ್ರೆ ಹೆದರ್ಬೇಡಿ. ಹೂಗು ಇಲ್ದೆ ಬಂದ್ರೆ ಮಾತ್ರ...”

ಹತ್ತಿರದ ಮನೆಗಳಿಗೆ ಇದು ಸಾಕಾಯಿತು. ಸಾಲದೆ ಹೋದದ್ದು ನೀರಿನಾಚೆಯ ದಿಬ್ಬದ ಮೇಲಿನ ಹುಲಿಯಾನ ಮನೆಗೆ. ಅಷ್ಟು ದೂರಕ್ಕೆ ಹೂವು ಕಾಣುವುದಿಲ್ಲ, ಏರಿಯ ಮೇಲೆ ನಡೆದು ಬರುವ ಆಕಾರವಷ್ಟೇ ಕಾಣುತ್ತದೆ. ಆ ಮನೆಗೆ ಅದೇ ಹೊತ್ತಿಗೆ ದೊಡ್ಡದೊಂದು ಸುದ್ದಿ ಬರುವುದಿತ್ತು. ಹುಲಿಯಾ ಮತ್ತು ಬೊಮ್ಮಿಯ ಮಗಳು ವೀಣಾ ದಿನ ತುಂಬಿ ಕಾರವಾರದ ಆಸ್ಪತ್ರೆ ಸೇರಿದ್ದಳು. ಹೋದ ವರುಷ ಅವಳ ಮೊದಲ ಮಗು ಹೊಟ್ಟೆಯಲ್ಲೇ ತೀರಿಕೊಂಡಿತ್ತು. ಆ ದಿನವೂ ಅಳಿಯ ಜಗದೀಶನೇ ಫೋನು ಮಾಡಿದ್ದ, ಸೋಮಿಯೇ ಮಾತಿಲ್ಲದೆ ಏರಿ ದಾಟಿ ಹೋಗಿ ಅದೇ ಅಂಗಳದಲ್ಲಿ ನಿಂತಿದ್ದಳು.

ಈ ಸಲ ಹುಲಿಯಾ ಮಗಳ ಜೊತೆ ಹೋಗಿದ್ದ. ಕೂತಲ್ಲಿಂದ ಏಳಲಾಗದ ಅತ್ತೆಯನ್ನು ಬಿಟ್ಟು ಬೊಮ್ಮಿಗೆ ಹೋಗುವಂತಿರಲಿಲ್ಲ. ಎರಡು ದಿನ ಪಕ್ಕದವರನ್ನು ಮನೆಯಲ್ಲಿ ಕೂರಿಸಿ ಅಂಗಡಿಯ ಕಟ್ಟೆಯ ಮೇಲೆ ಫೋನಿಗೆ ಮುಖ ಮಾಡಿ ಕಾದಳು. ಫೋನು ಬರಲಿಲ್ಲ. ಮೂರನೆಯ ದಿನ ಮನೆಗೆ ಹೊರಟು ನಿಂತು ಸೋಮಿಯ ಕೈ ಹಿಡಿದಳು.

“ಸೋಮಕ್ಕಾ, ನೀ ಮತ್ತೆ ಹಾಂಗೆ ಮೂಕಿ ಹಾಂಗೆ ಏರಿ ಮೇಲೆ ಬಂದ್ರೆ ನನ್ ಎದೆ ಅಲ್ಲೇ ನಿಂತು ಹೋಗ್ತದೆ. ಎಂತಾದ್ರೂ ಮಾಡು. ಹಾಂಗೆ ಮಾತ್ರ ಬರ್ಬೇಡ.”

“ಇಲ್ಲ, ಬರುದಿಲ್ಲ,” ಅಂದಳು ಸೋಮಿ. ಬೇರೆ ಹೇಗೆ ಬರಬೇಕೆಂದು ಅವಳಿಗೂ ಗೊತ್ತಿರಲಿಲ್ಲ.

ಫೋನು ಬಂದದ್ದು ಮರುದಿನ ಬೆಳಿಗ್ಗೆ, ಅವಳು ಹರಿವೆಯ ಕಟ್ಟುಗಳನ್ನು ಕಟ್ಟೆಯ ಮೇಲೆ ಇಳಿಸುತ್ತಿದ್ದಾಗ. ಭಟ್ಟರು ಎತ್ತಿದರು. “ಜಗದೀಶನಾ? ಎಲ್ಲಿಂದ? ಪಿಪಿ ವಾರ್ಡಿನ ಹೊರಗಿಂದಲಾ? ಎಂತ ಆ...” ಎನ್ನುವಷ್ಟರಲ್ಲಿ ಸೋಮಿ ಕೈಯೆತ್ತಿ ತಡೆದಳು. ಅಷ್ಟು ವರುಷದ ರೂಢಿ. ಭಟ್ಟರೂ ಬಾಯಿ ಮುಚ್ಚಿಕೊಂಡರು. “ಭರ್ತಿ ಉಂಟು, ಸ್ವಲ್ಪ ತಡ ಆಗ್ತದೆ,” ಎಂದಷ್ಟೇ ಹೇಳಿ ಫೋನು ಇಟ್ಟರು.

ಸೋಮಿಗೆ ಆಗಲೇ ತಿಳಿದಿತ್ತು. ಆ ವಾರ್ಡಿನ ತೊಟ್ಟಿಲುಗಳನ್ನು ಅವಳು ಕಣ್ಣಾರೆ ಕಂಡಿದ್ದಳು; ಅಲ್ಲಿ ಖಾಲಿ ತೊಟ್ಟಿಲು ಒಂದೂ ಇರಲಿಲ್ಲ.

ಊರು ಸುತ್ತಿ ಹೋಗಲು ಅವಳ ಕಾಲು ಒಪ್ಪಲಿಲ್ಲ. ಏರಿಯ ಮೇಲೇ ನಡೆದಳು. ನಡುವೆ ಜಂತ್ರಡಿ ಎಂದು ಕರೆಯುವ ನೀರಿನ ಬಾಗಿಲಿದೆ; ಅಲ್ಲಿ ಏರಿ ತಗ್ಗು, ಉಬ್ಬರದ ನೀರು ಸೊಂಟದವರೆಗೆ ನಿಂತಿತ್ತು. ಸೋಮಿ ಸೀರೆಯ ಸಮೇತ ಇಳಿದಳು. ಅಷ್ಟರಲ್ಲಿ ಆಚೆಯ ದಿಬ್ಬದಲ್ಲಿ ಬೊಮ್ಮಿ ಕಂಡಳು. ಬೊಮ್ಮಿಗೂ ಇವಳು ಕಂಡಳು. ಮಾತಿಲ್ಲದೆ, ಕೂಗಿಲ್ಲದೆ, ಸೊಂಟಮಟ್ಟ ನೀರಿನಲ್ಲಿ ಬರುತ್ತಿರುವ ಸೋಮಿ.

ಬೊಮ್ಮಿಯ ಕೈಯಿಂದ ಕೊಡ ಬಿತ್ತು. ಅವಳು ಅಂಗಳದ ಮಣ್ಣಿನಲ್ಲಿ ಕುಸಿದು ಕೂತು, ನೀರಿನ ಮೇಲೆಲ್ಲ ಹಬ್ಬುವ ಹಾಗೆ ಒಂದೇ ಸಮನೆ ಅಳತೊಡಗಿದಳು. ಆ ದನಿಗೆ ಆಸುಪಾಸಿನ ಮನೆಯವರು ಓಡಿ ಬಂದರು. ಯಾರೋ ಅವಳ ತಲೆ ಹಿಡಿದುಕೊಂಡರು. ಇನ್ಯಾರೋ ಒಲೆ ಆರಿಸಲು ಒಳಗೆ ಹೋದರು.

ನೀರಿನ ನಡುವೆ ಸೋಮಿ ನಿಂತಳು. ಕೂಗಬೇಕೆಂದು ಬಾಯಿ ತೆರೆದಳು. ಹುಲಿಯಾನ ಮನೆಯ ಕೂಗು, ಕೆಳಗಿಂದ ಮೇಲೆ ಹೋಗುವ ಆ ಒಂದು ಎಳೆ, ಗಂಟಲವರೆಗೂ ಬಂತು. ಹೊರಗೆ ಬಂದದ್ದು ಬರಿಯ ಗಾಳಿ.

ಆಗ ಅವಳು ಎರಡೂ ಕೈಗಳನ್ನು ನೀರಿನಿಂದ ಮೇಲೆತ್ತಿದಳು. ಒಂದರ ಮೇಲೊಂದು ಕೂಡಿಸಿ, ತಲೆಗಿಂತ ಎತ್ತರಕ್ಕೆ ಹಿಡಿದು, ಎಡಕ್ಕೆ ಬಲಕ್ಕೆ, ಎಡಕ್ಕೆ ಬಲಕ್ಕೆ ತೂಗಿದಳು. ದಡದವರಿಗೆ ಅರ್ಥವಾಗಲಿಲ್ಲ. “ಮುಳುಗ್ತಾಳೋ ಏನೋ!” ಎಂದು ಒಬ್ಬ ಹಗ್ಗಕ್ಕೆ ಓಡಿದ. ಜಗಲಿಯ ಮೇಲೆ ಕೂತಿದ್ದ ಬೊಮ್ಮಿಯ ಅತ್ತೆಗೆ ತಟ್ಟೆಯ ಅನ್ನ ಕಾಣುವುದಿಲ್ಲ, ದೂರದ್ದು ಮಾತ್ರ ಚೆನ್ನಾಗಿ ಕಾಣುತ್ತದೆ. ಮುದುಕಿ ಹುಬ್ಬಿಗೆ ಕೈ ಹಚ್ಚಿ ನೋಡಿ, ನೆಲಕ್ಕೆ ಕೋಲು ಕುಟ್ಟಿ ಅರಚಿದಳು:

“ಯಾರ್ ಸತ್ರು ಅಂತ ಅಳ್ತ್ರೇ ನೀವು? ಕಣ್ಣು ಕಾಣುದಿಲ್ವಾ? ತೊಟ್ಲು ತೂಗ್ತದೆ ಅವ್ಳು, ತೊಟ್ಲು!”

ಬೊಮ್ಮಿ ತಲೆಯೆತ್ತಿದಳು. ಸೋಮಿ ಇನ್ನೂ ತೂಗುತ್ತಲೇ ಇದ್ದಳು. ಮಫ್ಲರು ಜಾರಿ ನೀರಿಗೆ ಬಿದ್ದು ತೇಲುತ್ತಿತ್ತು.

ಆಮೇಲಿನದು ಭಟ್ಟರ ಬಾಯಲ್ಲೇ ಕೇಳಬೇಕು. ಒದ್ದೆ ಸೀರೆಯ ಇಬ್ಬರು ಹೆಂಗಸರು ಕೈ ಕೈ ಹಿಡಿದು ಅಂಗಡಿಗೆ ಓಡಿ ಬಂದದ್ದು, ಸಕ್ಕರೆಯ ಚೀಲದ ಮೇಲೆ ನೀರು ಸುರಿದದ್ದು, ಫೋನು ಹೊಡೆದುಕೊಂಡಾಗ ಇಬ್ಬರೂ ಎತ್ತಲು ಹೆದರಿದ್ದು. ಕೊನೆಗೆ ಬೊಮ್ಮಿಯೇ ಎತ್ತಿದಳು. ಸೋಮಿ ಎಂದಿನ ಹಾಗೆ ನಾಲ್ಕು ಮಾರು ದೂರ ಹೋಗಿ, ಬೆನ್ನು ತಿರುಗಿಸಿ ನಿಂತಳು. ಒಳಗಿನ ಮಾತು ಅವಳದಲ್ಲ.

“ಹೆಣ್ಣಂತೆ ಸೋಮಕ್ಕಾ!” ಬೊಮ್ಮಿಯ ದನಿ ಅಂಗಡಿಯ ಹೆಂಚಿಗೆ ಮುಟ್ಟಿತು. “ಹೆಣ್ಣು! ವೀಣಾನೂ ಚೊಲೊ ಉಂಟಂತೆ!” ಆಮೇಲೆ ಫೋನು ಇಟ್ಟು ಬಂದು ಅವಳ ಬೆನ್ನಿಗೊಂದು ಗುದ್ದಿದಳು. “ಜೀವ ತೆಗ್ದಿದ್ದೆ ಮಾರಾಯ್ತಿ ನೀನು! ಬರುದಿಲ್ಲ ಅಂದಿದ್ದೆ ಅಲ್ಲಾ?”

ಸುದ್ದಿಯನ್ನು ದಾರಿಯಲ್ಲಿ ಒಡೆಯದ ತನ್ನ ಕಟ್ಟು ಆ ದಿನ ಮುರಿಯಿತೇ ಎಂದು ಕೇಳಿದರೆ ಸೋಮಿ ಒಪ್ಪುವುದಿಲ್ಲ. “ಗಂಡೋ ಹೆಣ್ಣೋ ನಂಗೆಲ್ಲಿ ಗೊತ್ತಿತ್ತು? ಅದು ಬೊಮ್ಮಿನೇ ಮೊದ್ಲು ಕೇಳ್ದದ್ದು. ನಾ ಹೇಳ್ದದ್ದು ಅರ್ಧ.” ಆಮೇಲೆ, “ಆ ಅಳು ಕೇಳಿ ಸುಮ್ನೆ ನಿಂತಿದ್ರೆ ನಾ ಎಂತ ಮನುಷ್ಯಳು?” ಅನ್ನುತ್ತಾಳೆ.

ಈಗ ದಿಬ್ಬದ ಮನೆಗಳಿಗೆಲ್ಲ ಕೈಯ ಸನ್ನೆಯೇ ನಡೆಯುತ್ತಿದೆ. ಗೋವೆಯ ಫೋನಿಗೆ ಒಂದು ಕೈ, ಮುಂಬಯಿಗೆ ಎರಡು, ಲಾರಿಯವರಿಗೆ ಸ್ಟಿಯರಿಂಗ್ ತಿರುಗಿಸಿದ ಹಾಗೆ. ಅದನ್ನು ಮಾದೇವ ಅಣಕಿಸಿ ತೋರಿಸುತ್ತಾನೆ, ಬಸ್ ನಿಲ್ದಾಣದಲ್ಲಿ ನಿಂತವರೆಲ್ಲ ನಗುತ್ತಾರೆ. ಜಗದೀಶ ಅತ್ತೆಗೊಂದು ಮೊಬೈಲು ತಂದುಕೊಟ್ಟಿದ್ದಾನೆ. ಮನೆಯಲ್ಲಿ ಅದಕ್ಕೆ ಸಿಗ್ನಲ್ ಬರುವುದಿಲ್ಲ. ಬೊಮ್ಮಿ ಅದನ್ನು ತಂದು ಭಟ್ಟರ ಅಂಗಡಿಯಲ್ಲೇ ಇಟ್ಟಿದ್ದಾಳೆ; ಅದು ಹೊಡೆದುಕೊಂಡರೂ ಓಡಬೇಕಾದವಳು ಸೋಮಿಯೇ.

ಬಾಣಂತಿ ಮನೆಗೆ ಬಂದಿದ್ದಾಳೆ, ಇನ್ನು ಹೆಸರಿಡುವುದು ಬಾಕಿ. ವೀಣಾಗೆ ‘ಸ್ವಾತಿ’ ಇಷ್ಟ, ಜಗದೀಶನಿಗೆ ‘ಸಿಂಚನಾ’. ಮಾತು ಮುಗಿಯದೆ ಎರಡನ್ನೂ ಹೊತ್ತುಕೊಂಡು ಬೊಮ್ಮಿ ಅಂಗಡಿಗೆ ಬಂದಿದ್ದಳು. ಭಟ್ಟರು ನಕ್ಷತ್ರ ನೋಡೋಣವೆಂದು ಪಂಚಾಂಗ ತೆಗೆಯುವಷ್ಟರಲ್ಲಿ ಕಟ್ಟೆಯ ಮೇಲಿದ್ದ ಸೋಮಿ ಎರಡು ಹೆಸರನ್ನೂ ದನಿಯಿಲ್ಲದೆ, ತುಟಿಯಲ್ಲೇ ಎಳೆದು ನೋಡಿದಳು.

“ಸ್ವಾತಿ ಗಿಡ್ಡ ಆಯ್ತು. ಕೂಗಿದ್ರೆ ನೀರಿನ ನಡುವೆನೇ ಬಿದ್ದು ಹೋಗ್ತದೆ. ಸಿಂಚನಾ ಇಡಿ, ಕೊನೆಗೆ ಎಷ್ಟ್ ಬೇಕಾರೂ ಎಳೀಲಿಕ್ಕೆ ಬರ್ತದೆ,” ಎಂದು ಪಿಸುಗುಟ್ಟಿ, ಹರಿವೆಯ ಕಟ್ಟಿನ ಮೇಲೆ ನೀರು ಚಿಮುಕಿಸಿದಳು. “ಮಳೆಗಾಲ ಕಳೀಲಿ. ದನಿ ಬಂದ್ರೆ ಮೊದ್ಲು ಅದ್ನೇ ಕೂಗಿ ನೋಡ್ತೆ, ಆ ದಡಕ್ಕೆ ಮುಟ್ತದಾ ಅಂತ.”